ನಾಳೆ ಕಾಣದ ಹೊತ್ತಿನ ಪ್ರಾರ್ಥನೆ

(ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ದಾವಣಗೆರೆಗೂ ಹರಿಹರಕ್ಕೂ ನಡುವೆ ಇರುವುದು ಸುಮಾರು 14 ಕಿಲೋಮೀಟರು ದೂರ. ಹರಿಹರ ಎಂದ ಕೂಡಲೇ ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ, 1224ರ ಸುಮಾರಿಗೆ, ದಂಡನಾಯಕ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರನ ಗುಡಿ ನೆನಪಿಗೆ ಬರುತ್ತದೆ. ಶಿವನೂ ವಿಷ್ಣುವೂ ಒಂದೇ ಮೂರ್ತಿಯಾಗಿ ನಿಂತ ಊರು ಅದು. ಅದೇ ಊರಿನಲ್ಲಿ ಇನ್ನೊಂದು ಯಾತ್ರಾಸ್ಥಳವೂ ಇದೆ, ಆರೋಗ್ಯಮಾತೆಯ ದೇವಾಲಯ. ಪ್ರತಿ ವರ್ಷ ಸೆಪ್ಟೆಂಬರ್ 8ರಂದು ಅಲ್ಲಿ ಹಬ್ಬ. ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದ ಈ ದೇವಾಲಯಕ್ಕೆ ಇತ್ತೀಚಿನ ವರ್ಷಗಳಲ್ಲಿ ರೋಮಿನಿಂದ ಕಿರಿಯ ಬೆಸಿಲಿಕಾ ಎಂಬ ಗೌರವವೂ ಸಂದಿದೆ. ಹೆಸರೇ ಹೇಳುವಂತೆ ಇದು ಆರೋಗ್ಯ ಬೇಡುವವರ ತಾಣ. ಹಾಗೆ ಬೇಡಲು ಬರುವವರು ಕ್ರೈಸ್ತರು ಮಾತ್ರವೇ ಅಲ್ಲ.

ಮೇಣದ ಬತ್ತಿ ಹಿಡಿದು ನಿಂತವರ ಮನಸ್ಸಿನಲ್ಲಿ ಏನಿರುತ್ತದೆ? ನಾಳೆ ಬರಲಿರುವ ಆಸ್ಪತ್ರೆಯ ವರದಿ, ಮಗನಿಗೆ ಸಿಗದ ಕೆಲಸ, ತೀರದ ಸಾಲ, ಕೈಕೊಟ್ಟ ಮಳೆ. ಮುಂದೇನು ಎಂದು ತಿಳಿಯದ ಹೊತ್ತಿನಲ್ಲಿಯೇ ಮನುಷ್ಯ ಹೆಚ್ಚು ಪ್ರಾರ್ಥಿಸುತ್ತಾನೆ. ಇದು ಎಲ್ಲ ಧರ್ಮಗಳಿಗೂ ಸಮಾನವಾದ ಮಾತು. ಆದರೆ ಕೇಳಿದ್ದು ಸಿಗದೇ ಹೋದಾಗ ಆ ಪ್ರಾರ್ಥನೆಯ ಗತಿ ಏನು, ದೇವರಲ್ಲಿ ಭರವಸೆ ಇಡುವುದೆಂದರೆ ನಿಜಕ್ಕೂ ಏನು, ಎಂಬ ಪ್ರಶ್ನೆಗೆ ಕ್ರೈಸ್ತ ಪರಂಪರೆ ಯಾವ ಉತ್ತರ ಕೊಟ್ಟಿದೆ? ಆ ಉತ್ತರ ಕನ್ನಡ ನಾಡಿನ ಕಷ್ಟಕಾಲಗಳಲ್ಲಿ ಹೇಗೆ ಪರೀಕ್ಷೆಗೆ ಒಳಗಾಯಿತು? ಇವು ಈ ಉಪನ್ಯಾಸದ ವಿಷಯ.

ಕಾಯುವುದೇ ಪ್ರಾರ್ಥನೆ

ಹರಿಹರದ ಹಬ್ಬಕ್ಕೆ ಮುಂಚೆ ಒಂಬತ್ತು ದಿನಗಳ ಪ್ರಾರ್ಥನೆ ನಡೆಯುತ್ತದೆ. ಇದನ್ನು ನೊವೆನಾ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಒಂಬತ್ತು ಎಂಬುದಕ್ಕಿರುವ ಪದದಿಂದ ಬಂದ ಹೆಸರು ಇದು. ಮೇರಿಯನ್ನು ಕಥೋಲಿಕರು ದೇವರೆಂದು ಪೂಜಿಸುವುದಿಲ್ಲ. 'ನಮಗಾಗಿ ನೀನೂ ದೇವರಲ್ಲಿ ಕೇಳು' ಎಂದು ತಾಯಿಯ ಮುಂದೆ ಹೇಳಿಕೊಳ್ಳುವ ರೀತಿ ಅದು. ಪ್ರೊಟೆಸ್ಟೆಂಟರಲ್ಲಿ ಈ ಪದ್ಧತಿ ಇಲ್ಲ. ಅವರು ನೇರವಾಗಿ ಯೇಸುವಿನ ಹೆಸರಿನಲ್ಲಿ ಪ್ರಾರ್ಥಿಸುತ್ತಾರೆ. ಒಬ್ಬರು ಜಪಮಾಲೆ ಹಿಡಿಯುತ್ತಾರೆ, ಇನ್ನೊಬ್ಬರು ಬೈಬಲ್ ತೆರೆದಿಟ್ಟುಕೊಂಡು ತಮ್ಮದೇ ಮಾತಿನಲ್ಲಿ ಬೇಡುತ್ತಾರೆ. ಒಬ್ಬರು 'ವಿಶ್ವಾಸ' ಎನ್ನುವ ಕಡೆ ಇನ್ನೊಬ್ಬರು ಸಾಮಾನ್ಯವಾಗಿ 'ನಂಬಿಕೆ' ಎನ್ನುತ್ತಾರೆ. ಮಾತು ಬೇರೆಯಾದರೂ ಇಬ್ಬರ ಮುಂದಿರುವ ಪ್ರಶ್ನೆ ಒಂದೇ.

ನೊವೆನಾದ ಒಂಬತ್ತು ದಿನಗಳ ಲೆಕ್ಕದ ಹಿಂದೆ ಒಂದು ಕಥೆಯಿದೆ. ಯೇಸು ಪುನರುತ್ಥಾನವಾಗಿ 40 ದಿನಗಳ ನಂತರ ಶಿಷ್ಯರ ಕಣ್ಣಿಂದ ಮರೆಯಾದ. ಪವಿತ್ರಾತ್ಮ ಇಳಿದು ಬಂದದ್ದು 50ನೆಯ ದಿನ. ನಡುವಿನ ದಿನಗಳಲ್ಲಿ ಶಿಷ್ಯರು ಯೆರೂಸಲೇಮಿನ ಒಂದು ಮಹಡಿಯ ಕೋಣೆಯಲ್ಲಿ ಸೇರಿ ಪ್ರಾರ್ಥಿಸುತ್ತಿದ್ದರು ಎಂದು 'ಪ್ರೇಷಿತರ ಕಾರ್ಯಕಲಾಪಗಳು' ಗ್ರಂಥ ಹೇಳುತ್ತದೆ. ಮೇರಿಯೂ ಅವರೊಡನೆ ಇದ್ದಳು. ಗುರು ಕಣ್ಣೆದುರಿಗೆ ಇಲ್ಲ. ಕೊಟ್ಟ ಮಾತು ಯಾವಾಗ ನೆರವೇರುತ್ತದೆಂದು ಗೊತ್ತಿಲ್ಲ. ಹೊರಗೆ ವಿರೋಧಿಗಳ ಭಯ. ಅಂದರೆ ಕ್ರೈಸ್ತ ಸಭೆಯ ಮೊದಲ ಸಾಮೂಹಿಕ ಪ್ರಾರ್ಥನೆಯೇ ಅನಿಶ್ಚಿತತೆಯ ನಡುವೆ ಹುಟ್ಟಿದ್ದು. ಅದರಲ್ಲಿ ಬೇಡಿಕೆಗಿಂತ ಕಾಯುವುದೇ ಹೆಚ್ಚಾಗಿತ್ತು. ಎಷ್ಟು ದಿನ ಕಾಯಬೇಕೆಂಬುದು ಕಾಯುವವರಿಗೆ ತಿಳಿದಿರಲಿಲ್ಲ. ಒಂಬತ್ತು ಎಂಬ ಲೆಕ್ಕ ಹಿಂತಿರುಗಿ ನೋಡಿದವರು ಹಾಕಿದ್ದು.

ಯೇಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿಯೂ ಇದೇ ಗುಣ ಕಾಣುತ್ತದೆ. ಅದು ಕ್ರೈಸ್ತರ ಮನೆಗಳಲ್ಲಿ ಮಕ್ಕಳಿಗೂ ಬಾಯಿಪಾಠ. ಅದರಲ್ಲಿ 'ನಾನು' ಎಂಬ ಪದವೇ ಬರುವುದಿಲ್ಲ. ಎಲ್ಲವೂ 'ನಾವು', 'ನಮ್ಮ'. ಇನ್ನು ಅನ್ನದ ವಿಷಯದಲ್ಲಿ ಕೇಳುವುದು ಆ ದಿನಕ್ಕೆ ಬೇಕಾದಷ್ಟನ್ನು ಮಾತ್ರ. ವರ್ಷದ ಕಾಳನ್ನು ಕಣಜದಲ್ಲಿ ತುಂಬಿಸಿಕೊಡು ಎಂದು ಅಲ್ಲಿ ಕೇಳುವುದಿಲ್ಲ. ಅಂದಂದಿನ ಕೂಲಿಯಿಂದ ಅಂದಂದಿನ ಒಲೆ ಹೊತ್ತಿಸುವ ಗಲಿಲಾಯದ ಕೂಲಿಕಾರರ ಹಾಗೂ ಮೀನುಗಾರರ ನಡುವೆ ಹುಟ್ಟಿದ ಪ್ರಾರ್ಥನೆ ಅದು. ದಿನಗೂಲಿಯವರಿಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ದೇವರೊಡನೆ ಜಗಳ

ಭಕ್ತಿ ಎಂದರೆ ಬಾಯಿ ಮುಚ್ಚಿ ಸಹಿಸುವುದು ಎಂದು ಹಲವರು ತಿಳಿದಿದ್ದಾರೆ. ಬೈಬಲಿನ ಕೀರ್ತನೆಗಳನ್ನು ಓದಿದವರಿಗೆ ಹಾಗೆ ಅನ್ನಿಸುವುದಿಲ್ಲ. ಅಲ್ಲಿರುವ 150 ಕೀರ್ತನೆಗಳಲ್ಲಿ ಅತಿ ಹೆಚ್ಚು ಸಂಖ್ಯೆಯವು ಗೋಳಿನ ಹಾಡುಗಳೇ. ಹದಿಮೂರನೆಯ ಕೀರ್ತನೆ ತೀರ ಚಿಕ್ಕದು. ಅದರ ಆರಂಭದಲ್ಲಿಯೇ ಭಕ್ತ 'ಇನ್ನೆಷ್ಟು ಕಾಲ' ಎಂಬ ಪ್ರಶ್ನೆಯನ್ನು ನಾಲ್ಕು ಬಾರಿ ದೇವರ ಮುಂದಿಡುತ್ತಾನೆ. ಎಂಬತ್ತೆಂಟನೆಯದು ಇನ್ನೂ ಕಠಿಣ. ಸಾಮಾನ್ಯವಾಗಿ ಇಂಥ ಹಾಡುಗಳು ಗೋಳಿನಿಂದ ತೊಡಗಿ ಸ್ತುತಿಯಲ್ಲಿ ಮುಗಿಯುತ್ತವೆ; ಇದು ಹಾಗಲ್ಲ. ಕತ್ತಲೆಯ ಮಾತಿನಲ್ಲಿಯೇ ಇದು ನಿಲ್ಲುತ್ತದೆ. ಇದನ್ನು ಪವಿತ್ರಗ್ರಂಥದಿಂದ ಯಾರೂ ತೆಗೆದುಹಾಕಲಿಲ್ಲ ಎಂಬುದು ಗಮನಾರ್ಹ. ದೇವರನ್ನು ಪ್ರಶ್ನಿಸುವುದು ಅವಿಶ್ವಾಸವಲ್ಲ. ಸಂಬಂಧ ಇನ್ನೂ ಕಡಿದು ಹೋಗಿಲ್ಲ ಎಂಬುದರ ಗುರುತು ಅದು. ಕನ್ನಡದ ವಚನಕಾರರೂ ದಾಸರೂ ತಮ್ಮ ದೈವದೊಡನೆ ಮುನಿಸಿಕೊಂಡದ್ದನ್ನು ಬಲ್ಲ ಓದುಗರಿಗೆ ಇದು ಹೊಸದೇನೂ ಅಲ್ಲ.

ಯೇಸುವಿನ ಬದುಕಿನಲ್ಲಿಯೇ ಇದಕ್ಕೆ ಸಾಕ್ಷಿಯಿದೆ. ಬಂಧನಕ್ಕೆ ಒಳಗಾಗುವ ರಾತ್ರಿ ಗೆತ್ಸೆಮನೆ ತೋಟದಲ್ಲಿ ಆತ ಕಷ್ಟದ ಪಾತ್ರೆಯನ್ನು ತನ್ನಿಂದ ತೊಲಗಿಸುವಂತೆ ಮೂರು ಸಲ ಪ್ರಾರ್ಥಿಸಿದ. ಪಾತ್ರೆ ತೊಲಗಲಿಲ್ಲ. ಶಿಲುಬೆಯ ಮೇಲೆ ಆತ ಕೂಗಿದ್ದು ಇಪ್ಪತ್ತೆರಡನೆಯ ಕೀರ್ತನೆಯ ಆರಂಭದ ಮಾತನ್ನು. ಅದು ಕೈಬಿಟ್ಟೆಯೇಕೆ ಎಂಬ ಪ್ರಶ್ನೆ. ಸಂತ ಪೌಲನೂ ತನ್ನನ್ನು ಬಾಧಿಸುತ್ತಿದ್ದ ಒಂದು 'ಮುಳ್ಳ'ನ್ನು ತೆಗೆಯುವಂತೆ ಮೂರು ಸಲ ಬೇಡಿಕೊಂಡೆನೆಂದು ಕೊರಿಂಥದವರಿಗೆ ಬರೆದಿದ್ದಾನೆ. ಆ ಮುಳ್ಳೂ ಹೋಗಲಿಲ್ಲ. ಕೇಳಿದ್ದೆಲ್ಲ ಸಿಗುತ್ತದೆ ಎಂಬುದೇ ಕ್ರೈಸ್ತ ಭರವಸೆಯಾಗಿದ್ದರೆ ಈ ಇಬ್ಬರೂ ಆ ಪರೀಕ್ಷೆಯಲ್ಲಿ ಸೋತವರಾಗಬೇಕಿತ್ತು. ಹಾಗಾಗದೆ, ಇವರ ಈಡೇರದ ಪ್ರಾರ್ಥನೆಗಳೇ ಆ ಧರ್ಮದ ಅಡಿಗಲ್ಲಾದವು.

1877: ಅನ್ನವಿಲ್ಲದ ದಿನಗಳು

ಈಗ ಕನ್ನಡ ನಾಡಿಗೆ ಬರೋಣ. 1876ರಲ್ಲಿ ಮುಂಗಾರು ಕೈಕೊಟ್ಟಿತು. ಮರುವರ್ಷವೂ ಮಳೆ ಸರಿಯಾಗಿ ಆಗಲಿಲ್ಲ. ಮದ್ರಾಸ್ ಪ್ರಾಂತ, ಬಳ್ಳಾರಿ, ಮುಂಬಯಿ ಪ್ರಾಂತದ ದಕ್ಷಿಣ ಜಿಲ್ಲೆಗಳು, ಹೈದರಾಬಾದ್ ಮತ್ತು ಮೈಸೂರು, ಎಲ್ಲ ಕಡೆ ಬರ ಹರಡಿತು. ಮೈಸೂರು ಸೀಮೆ ಆಗ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. ಬೆಂಗಳೂರಿಗೆ ಮದ್ರಾಸಿನಿಂದ ರೈಲಿನಲ್ಲಿ ಧಾನ್ಯ ಬರುತ್ತಿತ್ತು. ಆದರೆ ಚಿತ್ರದುರ್ಗ, ದಾವಣಗೆರೆ, ಹರಿಹರಗಳ ಕಡೆಗೆ ಆಗಿನ್ನೂ ರೈಲು ಬಂದಿರಲಿಲ್ಲ. ಹರಿಹರದಲ್ಲಿ ತುಂಗಭದ್ರೆಗೆ 1868ರಲ್ಲಿ ಸೇತುವೆಯೇನೋ ಆಗಿತ್ತು. ಆದರೆ ಮೇವಿಲ್ಲದೆ ಎತ್ತುಗಳೇ ಸತ್ತಾಗ ಗಾಡಿ ಎಳೆಯುವವರು ಯಾರು? ಜನಗಣತಿಯ ಅಂಕಿಗಳು ಉಳಿದ ಕಥೆಯನ್ನು ಹೇಳುತ್ತವೆ: 1871ರಲ್ಲಿ 50 ಲಕ್ಷದ 55 ಸಾವಿರ ಇದ್ದ ಮೈಸೂರಿನ ಜನಸಂಖ್ಯೆ 1881ರ ಹೊತ್ತಿಗೆ 41 ಲಕ್ಷದ 86 ಸಾವಿರಕ್ಕೆ ಇಳಿದಿತ್ತು.

ಈ ಬರದಲ್ಲಿ ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳು ದಾರಿಗಳಲ್ಲಿ, ಗಂಜಿಕೇಂದ್ರಗಳಲ್ಲಿ ಉಳಿದರು. ವೆಸ್ಲಿಯನ್ ಮಿಷನ್ನಿನವರು ಹಾಸನದಲ್ಲಿ ಹೆಣ್ಣುಮಕ್ಕಳಿಗೆ, ತುಮಕೂರಿನಲ್ಲಿ ಗಂಡುಮಕ್ಕಳಿಗೆ ಅನಾಥಾಲಯಗಳನ್ನು ನಡೆಸಿದರು. ಫ್ರೆಂಚ್ ಕಥೋಲಿಕ ಪಾದ್ರಿಗಳು ಇಂಥ ಮಕ್ಕಳನ್ನು ಸಾಕಿ, ಬೆಳೆದ ಮೇಲೆ ಬೇಸಾಯ ಮಾಡಿಕೊಂಡು ಬಾಳುವಂತೆ ಹಳ್ಳಿಗಳನ್ನೇ ಕಟ್ಟಿದರು. ಬೆಂಗಳೂರಿನ ಹತ್ತಿರದ ಸಿಲುವೆಪುರ ಹಾಗೆ ಹುಟ್ಟಿದ ಊರು. ಶಿಲುಬೆಯ ಹೆಸರು ಹೊತ್ತ ಆ ಊರು ಬರದ ನೆನಪನ್ನೂ ಹೊತ್ತಿದೆ.

ಇಲ್ಲಿ ಒಂದು ಕಷ್ಟದ ಪ್ರಶ್ನೆ ಏಳುತ್ತದೆ. ಹಸಿದ ಮಗುವಿಗೆ ಅನ್ನ ಕೊಟ್ಟು ಪ್ರಾರ್ಥನೆ ಕಲಿಸಿದರೆ ಅದು ನಂಬಿಕೆಯೋ ಹಸಿವೋ? ಅನ್ನಕ್ಕಾಗಿ ಕ್ರೈಸ್ತರಾದವರು ಎಂಬ ಚುಚ್ಚುಮಾತು ಆ ಕಾಲದಿಂದಲೂ ಇದೆ. ಮಕ್ಕಳಿಗೆ ಆಯ್ಕೆ ಇರಲಿಲ್ಲ ಎಂಬುದು ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಹಾಗೆಯೇ, ಅವರನ್ನು ದಾರಿಯಿಂದ ಎತ್ತಿಕೊಳ್ಳದಿದ್ದರೆ ಆಯ್ಕೆ ಮಾಡಲು ಅವರು ಉಳಿಯುತ್ತಲೂ ಇರಲಿಲ್ಲ ಎಂಬುದೂ ನಿಜ. ಆದರೆ ಇಂದಿನ ವಿಷಯಕ್ಕೆ ಮುಖ್ಯವಾದದ್ದು ಬೇರೆ. ಬರ ಮುಗಿಯಿತು, ಮಳೆ ಬಂತು, ಅನ್ನಕ್ಕೆ ಬೇರೆ ದಾರಿಗಳು ತೆರೆದವು. ಆ ಮೇಲೂ ಅವರ ಮಕ್ಕಳು, ಮೊಮ್ಮಕ್ಕಳು ಪ್ರಾರ್ಥಿಸುವುದನ್ನು ಬಿಡಲಿಲ್ಲ. ನಂಬಿಕೆ ಹೇಗೆ ಶುರುವಾಯಿತು ಎಂಬುದರಷ್ಟೇ ಅದು ಹೇಗೆ ಉಳಿಯಿತು ಎಂಬುದನ್ನೂ ಚರಿತ್ರೆ ಕೇಳಬೇಕು.

1914: ಪೋಷಕರಿಲ್ಲದ ಸಭೆ

ಉಳಿಯುವುದರ ದೊಡ್ಡ ಪರೀಕ್ಷೆ ನಡೆದದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ನಿನ ಮೊದಲ ಮೂವರು, ಹೆಬಿಕ್, ಲೇನರ್, ಗ್ರೈನರ್, ಮಂಗಳೂರಿಗೆ ಬಂದದ್ದು 1834ರಲ್ಲಿ. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, ಅನಂತರ ಬೆಟಗೇರಿ, ಹೀಗೆ ಅವರ ಕೆಲಸ ಹರಡಿತು. ಕನ್ನಡಿಗರಿಗೆ ಈ ಮಿಷನ್ ಪರಿಚಯವಾಗಿರುವುದು ಹೆಚ್ಚಾಗಿ ಭಾಷೆಯ ಮೂಲಕ. 1843ರಲ್ಲಿ ಹೆರ್ಮನ್ ಮೋಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ'ವೂ 1894ರಲ್ಲಿ ಪ್ರಕಟವಾದ ಫರ್ಡಿನಾಂಡ್ ಕಿಟ್ಟೆಲ್ ಅವರ ನಿಘಂಟೂ ಅವರ ಕೊಡುಗೆಗಳೇ. ಇದೇ ಕಿಟ್ಟೆಲ್ 1862ರಲ್ಲಿ ಯೇಸುವಿನ ಕಥೆಯನ್ನು ದೇಶೀಯ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಬರೆದರು. ಮೋಗ್ಲಿಂಗ್ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಕನ್ನಡದಲ್ಲಿ ಪ್ರಾರ್ಥಿಸಬೇಕಾದರೆ ಕನ್ನಡದ ಭಕ್ತಿಯ ಮಾತು ತಿಳಿದಿರಬೇಕೆಂಬ ಅರಿವು ಇವರಿಗೆ ಇತ್ತು.

ಈ ಸಭೆಗಳ ಇನ್ನೊಂದು ವಿಶೇಷವೆಂದರೆ ಉದ್ಯಮ. ಕ್ರೈಸ್ತರಾದವರಿಗೆ ಅನೇಕ ವೇಳೆ ಕುಲದ ಆಸರೆ ತಪ್ಪುತ್ತಿತ್ತು. ಅದರೊಡನೆ ಕುಲಕಸುಬು, ಹೊಲ, ಮನೆಗಳೂ ಹೋಗುತ್ತಿದ್ದವು. ಅವರಿಗೆ ಜೀವನೋಪಾಯ ಒದಗಿಸಲು ಮಿಷನ್ ನೇಯ್ಗೆಯ ಕಾರ್ಖಾನೆಗಳನ್ನೂ ಹೆಂಚಿನ ಕಾರ್ಖಾನೆಗಳನ್ನೂ ತೆರೆಯಿತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಆರಂಭಿಸಿದ ಕಾರ್ಖಾನೆಯಿಂದಲೇ 'ಮಂಗಳೂರು ಹೆಂಚು' ಪ್ರಸಿದ್ಧಿಗೆ ಬಂತು. ಹೀಗೆ ಭಾನುವಾರ ಉಪದೇಶ ಮಾಡುವವರೂ ವಾರದ ಕೂಲಿ ಕೊಡುವವರೂ ಒಂದೇ ಮಿಷನ್ನಿನವರಾದರು. ಇದು ಆಸರೆಯೂ ಆಗಿತ್ತು, ಅವಲಂಬನೆಯೂ ಆಗಿತ್ತು.

1914ರ ಆಗಸ್ಟಿನಲ್ಲಿ ಬ್ರಿಟನ್ನಿಗೂ ಜರ್ಮನಿಗೂ ಯುದ್ಧ ಆರಂಭವಾಯಿತು. ಮಿಷನ್ನಿನ ಕೇಂದ್ರ ಸ್ವಿಟ್ಜರ್ಲೆಂಡಿನಲ್ಲಿದ್ದರೂ ಇಲ್ಲಿದ್ದ ಹೆಚ್ಚಿನವರು ಜರ್ಮನರು. ರಾತ್ರಿ ಬೆಳಗಾಗುವುದರೊಳಗೆ ಅವರು ಆಳುವವರ ಶತ್ರುದೇಶದ ಪ್ರಜೆಗಳಾದರು. ಕೆಲವರನ್ನು ಅಹಮದ್‌ನಗರದ ಶಿಬಿರದಲ್ಲಿ ಬಂಧನದಲ್ಲಿಟ್ಟರು. ಉಳಿದವರನ್ನು, ಹೆಂಗಸರು ಮಕ್ಕಳ ಸಹಿತ, 1915ರ ಕೊನೆ ಹಾಗೂ 1916ರಲ್ಲಿ 'ಗೋಲ್ಕೊಂಡ' ಎಂಬ ಹಡಗಿನಲ್ಲಿ ಸ್ವದೇಶಕ್ಕೆ ಕಳಿಸಲಾಯಿತು. ಉದ್ಯಮಗಳು ಮಿಷನ್ನಿನ ಕೈತಪ್ಪಿ, 1919ರಲ್ಲಿ ಸ್ಥಾಪನೆಯಾದ ಕಾಮನ್‌ವೆಲ್ತ್ ಟ್ರಸ್ಟ್ ಕಂಪನಿಗೆ ಸೇರಿದವು. 80 ವರ್ಷಗಳ ಆಸರೆ ಕೆಲವೇ ತಿಂಗಳುಗಳಲ್ಲಿ ಕಳಚಿ ಬಿತ್ತು.

ಆಗ ಒಂದು ಕನ್ನಡ ಸಭೆ ಭಾನುವಾರದ ಪ್ರಾರ್ಥನೆಯಲ್ಲಿ ಏನನ್ನು ಕೇಳಬೇಕು? ಆಳುವ ದೊರೆಯ ಗೆಲುವನ್ನೇ? ದೀಕ್ಷಾಸ್ನಾನ ಕೊಟ್ಟ ಗುರುವಿನ ಬಿಡುಗಡೆಯನ್ನೇ? ಯೂರೋಪಿನಲ್ಲಿ ಎರಡೂ ಕಡೆಯ ಚರ್ಚುಗಳು ಒಬ್ಬನೇ ದೇವರ ಮುಂದೆ ತಂತಮ್ಮ ಸೇನೆಯ ಜಯಕ್ಕಾಗಿ ಮೊರೆಯಿಡುತ್ತಿದ್ದವು. ಇಂಥ ಹೊತ್ತಿನಲ್ಲಿ ಇಲ್ಲಿಯ ಸಭಾಪಾಲಕರು, ಉಪದೇಶಕರು, ಶಾಲಾ ಮಾಸ್ತರರು ಕೆಲಸವನ್ನು ಹೆಗಲಿಗೆ ಹಾಕಿಕೊಂಡರು. ಕೂಟಗಳು ನಿಲ್ಲಲಿಲ್ಲ, ಮಕ್ಕಳಿಗೆ ದೀಕ್ಷಾಸ್ನಾನ, ಮದುವೆ, ಮಣ್ಣು ಎಲ್ಲವೂ ನಡೆದವು. ವಿದೇಶೀಯರು ಕೈಹಿಡಿದು ನಡೆಸಿದ ಸಭೆ ತನ್ನ ಕಾಲ ಮೇಲೆ ನಿಲ್ಲಲು ಕಲಿತದ್ದು ಹೀಗೆ. ಮುಂದೆ 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಸ್ಥಾಪನೆಯಾದಾಗ ಭಾರತೀಯರೇ ನಡೆಸುವ ಸಭೆ ಎಂಬುದು ಬರಿಯ ಆಸೆಯಾಗಿ ಉಳಿದಿರಲಿಲ್ಲ. ಅದಕ್ಕೆ ಅನುಭವದ ತಳಹದಿ ಇತ್ತು. ದೇವರ ಮೇಲಿನ ಭರವಸೆಗೂ ದೇವರ ಹೆಸರಿನಲ್ಲಿ ಬಂದವರ ಮೇಲಿನ ಭರವಸೆಗೂ ಇರುವ ವ್ಯತ್ಯಾಸವನ್ನು ಆ ನಾಲ್ಕೈದು ವರ್ಷಗಳು ಕಲಿಸಿದವು.

ಜಪಮಾಲೆ ಮತ್ತು ಸೂಜಿ

ಭರವಸೆ ಎಂದರೆ ಕೈಕಟ್ಟಿ ಕೂರುವುದೇ ಎಂಬ ಸಂದೇಹಕ್ಕೆ ಕನ್ನಡ ನಾಡಿನಲ್ಲಿಯೇ ಹಳೆಯ ಉತ್ತರವೊಂದಿದೆ. 1799ರ ನಂತರ ಮೈಸೂರು ಸೀಮೆಯ ಕಥೋಲಿಕರ ನಡುವೆ ದುಡಿದ ಫ್ರೆಂಚ್ ಪಾದ್ರಿ ಆಬೆ ದ್ಯುಬುವಾ, ಈ ನಾಡಿನ ಆಚಾರ ವಿಚಾರಗಳ ಬಗ್ಗೆ ಬರೆದ ಗ್ರಂಥದಿಂದ ಪ್ರಸಿದ್ಧನಾದವನು. ಆತನ ಇನ್ನೊಂದು ಕೆಲಸ ಅಷ್ಟಾಗಿ ಜನಕ್ಕೆ ತಿಳಿದಿಲ್ಲ. ಸಿಡುಬಿನ ವಿರುದ್ಧ ಜೆನ್ನರ್ ಕಂಡುಹಿಡಿದ ಲಸಿಕೆ ಆಗಷ್ಟೇ ಭಾರತಕ್ಕೆ ಬಂದಿತ್ತು. ದ್ಯುಬುವಾ 1803–04ರಲ್ಲಿ ಊರೂರು ತಿರುಗಿ ಸಾವಿರಾರು ಜನರಿಗೆ ಆ ಲಸಿಕೆ ಹಾಕಿಸಲು ದುಡಿದ. ಪೂಜೆ ಮಾಡಿಸುವ ಗುರುವೇ ಲಸಿಕೆಗೂ ಜನರನ್ನು ಒಪ್ಪಿಸಿದ. ಒಂದನ್ನು ಮಾಡಿದರೆ ಇನ್ನೊಂದು ಬೇಡ ಎಂದು ಆತನಿಗೆ ಅನ್ನಿಸಲಿಲ್ಲ.

ಸುವಾರ್ತೆಗಳಲ್ಲಿಯೂ ಇದಕ್ಕೆ ಆಧಾರವಿದೆ. ಅರಣ್ಯದಲ್ಲಿ ಸೈತಾನನು ಯೇಸುವನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಕೆಳಗೆ ಧುಮುಕು, ದೇವದೂತರು ಹಿಡಿದುಕೊಳ್ಳುತ್ತಾರೆ ಎನ್ನುತ್ತಾನೆ. ಸೈತಾನನು ಆಗ ಬಳಸುವುದೂ ಒಂದು ಕೀರ್ತನೆಯನ್ನೇ! ಯೇಸು ಧುಮುಕುವುದಿಲ್ಲ. ದೇವರನ್ನು ಪರೀಕ್ಷಿಸುವುದು ಬೇರೆ, ದೇವರನ್ನು ನಂಬುವುದು ಬೇರೆ ಎಂದು ಆತ ಅಲ್ಲಿ ಗೆರೆ ಎಳೆದ. ಪ್ರಾರ್ಥಿಸಿದರೆ ಔಷಧಿ ಬೇಡ, ಕಾಣಿಕೆ ಕೊಟ್ಟರೆ ಸಾಲ ತೀರುತ್ತದೆ ಎಂದು ಹೇಳುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಕಂಗೆಟ್ಟವರಿಗೆ ಅಂಥ ಮಾತು ಬೇಗ ರುಚಿಸುತ್ತದೆ. ಕೊನೆಗೆ ಕೇಳಿದ್ದು ಸಿಗದಿದ್ದಾಗ, ನಿನ್ನ ನಂಬಿಕೆಯೇ ಸಾಲದಾಯಿತು ಎಂಬ ಅಪವಾದವೂ ಅವರ ತಲೆಯ ಮೇಲೆಯೇ ಬೀಳುತ್ತದೆ. ಗೆತ್ಸೆಮನೆಯ ಕಥೆಯನ್ನು ಓದಿದವರು ಯಾವ ರೋಗಿಗೂ ಈ ಮಾತು ಹೇಳಲಾರರು.

ಮುಚ್ಚಿದ ಗಿರಣಿ, ಮುಚ್ಚಿದ ಬಾಗಿಲು

ಇನ್ನು ಹತ್ತಿರದ ಕಾಲಕ್ಕೆ ಬಂದರೆ, ದಾವಣಗೆರೆ ಮತ್ತು ಹರಿಹರಗಳಿಗೆ ಅನಿಶ್ಚಿತತೆ ಎಂಬುದು ಪುಸ್ತಕದ ಪದವಲ್ಲ. ಹತ್ತಿಗಿರಣಿಗಳಿಂದಾಗಿ ದಾವಣಗೆರೆಗೆ 'ಕರ್ನಾಟಕದ ಮ್ಯಾಂಚೆಸ್ಟರ್' ಎಂಬ ಹೆಸರು ಬಂದಿತ್ತು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಆ ಗಿರಣಿಗಳು ಒಂದೊಂದಾಗಿ ಸದ್ದು ನಿಲ್ಲಿಸಿದವು. 1941ರಲ್ಲಿ ಹರಿಹರದಲ್ಲಿ ಸ್ಥಾಪನೆಯಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹೊಸ ಶತಮಾನದ ಹೊಸಿಲಲ್ಲಿ ಮುಚ್ಚಿತು. ಸೈರನ್ನಿನ ಕೂಗಿಗೆ ಏಳುತ್ತಿದ್ದ, ಉಣ್ಣುತ್ತಿದ್ದ, ಮಲಗುತ್ತಿದ್ದ ಊರುಗಳಲ್ಲಿ ಸೈರನ್ ನಿಂತರೆ ಏನಾಗುತ್ತದೆಂದು ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ. ಅಂದಿನ ಅನ್ನವನ್ನು ಅಂದು ಕೊಡು ಎಂಬ ಬೇಡಿಕೆ ಅಂಥ ಮನೆಗಳಲ್ಲಿ ಮತ್ತೆ ತನ್ನ ಮೂಲ ಅರ್ಥವನ್ನು ಪಡೆಯುತ್ತದೆ.

ಹಾಸನದ ಹತ್ತಿರದ ಶೆಟ್ಟಿಹಳ್ಳಿಯ ಪಾಡು ಇನ್ನೊಂದು ಬಗೆಯದು. ಫ್ರೆಂಚ್ ಪಾದ್ರಿಗಳು 19ನೆಯ ಶತಮಾನದಲ್ಲಿ ಅಲ್ಲಿ ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯ, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಆದ ಮೇಲೆ ಹಿನ್ನೀರಿನ ಪಾಲಾಯಿತು. ಮಳೆಗಾಲದಲ್ಲಿ ಗೋಡೆಗಳು ಅರ್ಧ ಮುಳುಗುತ್ತವೆ, ಬೇಸಿಗೆಯಲ್ಲಿ ನೆಲ ಕಾಣುತ್ತದೆ. ನೋಡಲು ಬರುವವರಿಗೆ ಅದೊಂದು ಚಂದದ ಚಿತ್ರ. ಅಲ್ಲಿ ದೀಕ್ಷಾಸ್ನಾನ ಪಡೆದು, ಮದುವೆಯಾಗಿ, ಹಿರಿಯರನ್ನು ಮಣ್ಣು ಮಾಡಿದವರಿಗೆ ಹಾಗಲ್ಲ. ಊರು ಬಿಟ್ಟವರು ಕಲ್ಲಿನ ಗೋಡೆಗಳನ್ನು ಹೊತ್ತೊಯ್ಯಲಾರರು; ಬಾಯಿಪಾಠವಾದ ಪ್ರಾರ್ಥನೆಯನ್ನು ಹೊತ್ತೊಯ್ಯಬಲ್ಲರು.

2020ರ ಮಾರ್ಚಿಯಲ್ಲಿ ಕೊರೋನಾ ಸಾಂಕ್ರಾಮಿಕದಿಂದ ದೇಶವೇ ಬಾಗಿಲು ಹಾಕಿಕೊಂಡಾಗ ಗುಡಿ, ಮಸೀದಿ, ಚರ್ಚುಗಳೂ ಮುಚ್ಚಿದವು. ಆ ವರ್ಷದ ಈಸ್ಟರ್ ಹಬ್ಬ ಮನೆಗಳ ಒಳಗೇ ಕಳೆಯಿತು. ಮಾರ್ಚಿ 27ರ ಸಂಜೆ ರೋಮಿನಲ್ಲಿ ಪೋಪ್ ಫ್ರಾನ್ಸಿಸ್ ಜನರೇ ಇಲ್ಲದ ಸಂತ ಪೇತ್ರರ ಚೌಕದಲ್ಲಿ, ಸುರಿಯುವ ಮಳೆಯಲ್ಲಿ, ಒಬ್ಬರೇ ನಿಂತು ಪ್ರಾರ್ಥಿಸಿದರು. 1522ರಲ್ಲಿ ರೋಮಿಗೆ ಪ್ಲೇಗು ಬಂದಾಗ ಮೆರವಣಿಗೆಯಲ್ಲಿ ಒಯ್ದಿದ್ದ ಶಿಲುಬೆಯನ್ನು ಅಲ್ಲಿ ತಂದು ಇರಿಸಲಾಗಿತ್ತು. ಅಂದು ಓದಿದ್ದು ಮಾರ್ಕನ ಸುವಾರ್ತೆಯ ಬಿರುಗಾಳಿಯ ಪ್ರಸಂಗ. ದೋಣಿಗೆ ನೀರು ನುಗ್ಗುತ್ತಿದೆ, ಯೇಸು ಹಿಂಬದಿಯಲ್ಲಿ ನಿದ್ರಿಸುತ್ತಿದ್ದಾನೆ. ಶಿಷ್ಯರು ಆತನನ್ನು ಎಬ್ಬಿಸಿ, ಮುಳುಗಿ ಹೋಗುತ್ತಿರುವ ತಮ್ಮ ಚಿಂತೆ ನಿನಗಿಲ್ಲವೇ ಎಂದು ಆಕ್ಷೇಪಿಸುತ್ತಾರೆ. ಅದೂ ಒಂದು ಪ್ರಾರ್ಥನೆ. ಬಹುಶಃ ಹೆಚ್ಚಿನವರ ಪ್ರಾರ್ಥನೆ ಅದೇ. ನಂಬಿಕೆ ಎಲ್ಲಿ ಹೋಯಿತೆಂದು ಯೇಸು ಶಿಷ್ಯರನ್ನು ಗದರಿಸುತ್ತಾನೆ, ನಿಜ. ಆದರೆ ಮೊದಲು ಗಾಳಿಯನ್ನು ಅಡಗಿಸಿ, ಆಮೇಲೆ ಗದರಿಸುತ್ತಾನೆ.

ಮುತ್ತಿಗೆಯ ನಡುವೆ ಹೊಲ ಕೊಂಡವನು

ಕೊನೆಯದಾಗಿ ಒಂದು ಹಳೆಯ ಕಥೆ. ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಬಾಬಿಲೋನಿಯದ ಸೇನೆ ಯೆರೂಸಲೇಮನ್ನು ಮುತ್ತಿತ್ತು. ಊರು ಬೀಳುವುದು ಖಚಿತವೆಂದು ಸಾರಿದ್ದ ಪ್ರವಾದಿ ಯೆರೆಮೀಯನನ್ನು ಅರಸನು ಸೆರೆಯಲ್ಲಿಟ್ಟಿದ್ದ. ಅಷ್ಟರಲ್ಲಿ ಅವನ ಚಿಕ್ಕಪ್ಪನ ಮಗ ಬಂದು, ಅನಾತೋತ್ ಹಳ್ಳಿಯಲ್ಲಿರುವ ತನ್ನ ಹೊಲವನ್ನು ಕೊಂಡುಕೊ ಎನ್ನುತ್ತಾನೆ. ಶತ್ರುವಿನ ವಶದಲ್ಲಿರುವ ನೆಲ, ಕೊಳ್ಳುವವನು ಸೆರೆಮನೆಯಲ್ಲಿ. ವ್ಯವಹಾರ ಬಲ್ಲ ಯಾರೂ ಅದಕ್ಕೆ ಒಂದು ಕಾಸು ಕೊಡುವುದಿಲ್ಲ. ಯೆರೆಮೀಯ 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟ. ಸಾಕ್ಷಿಗಳ ಮುಂದೆ ಪತ್ರ ಮಾಡಿಸಿದ. ಬಹುಕಾಲ ಕೆಡದಿರಲೆಂದು ಅದನ್ನು ಮಣ್ಣಿನ ಮಡಕೆಯಲ್ಲಿ ಇರಿಸಲು ಹೇಳಿದ. ಮುಂದೆ ಒಂದು ದಿನ ಈ ನಾಡಿನಲ್ಲಿ ಜನರು ಮತ್ತೆ ಮನೆ, ಹೊಲ, ದ್ರಾಕ್ಷಿತೋಟಗಳನ್ನು ಕೊಳ್ಳುವ ಕಾಲ ಬರುತ್ತದೆ ಎಂಬುದೇ ಅದರ ಅರ್ಥ. ಊರು ಬೀಳುವುದಿಲ್ಲ ಎಂದು ಅವನು ಹೇಳಲಿಲ್ಲ. ಊರು ಬಿತ್ತು. ಆದರೆ ಬಿದ್ದದ್ದೇ ಕೊನೆಯಲ್ಲ ಎಂದು ತನ್ನ ಕೈಯ ಬೆಳ್ಳಿ ಕೊಟ್ಟು ಸಾರಿದ.

ಬಾಬಿಲೋನಿಗೆ ಸೆರೆಹೋದವರಿಗೆ ಇದೇ ಯೆರೆಮೀಯ ಬರೆದ ಪತ್ರವೂ ಬೈಬಲಿನಲ್ಲಿದೆ. ನಾಳೆಯೇ ಬಿಡುಗಡೆ ಎಂದು ಹೇಳುವವರನ್ನು ನಂಬಬೇಡಿ. ಅಲ್ಲಿಯೇ ಮನೆ ಕಟ್ಟಿ, ತೋಟ ಹಾಕಿ, ಮಕ್ಕಳ ಮದುವೆ ಮಾಡಿ. ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ, ಅದರ ಕ್ಷೇಮದಲ್ಲಿಯೇ ನಿಮ್ಮ ಕ್ಷೇಮವೂ ಇದೆ ಎಂಬುದು ಆ ಪತ್ರದ ಸಾರಾಂಶ. ಪಟ್ಟಣ ಪರರದು, ಅರಸ ಶತ್ರು; ಆದರೂ ಪ್ರಾರ್ಥನೆ ಎಲ್ಲರಿಗಾಗಿ.

ಕ್ರೈಸ್ತ ಪ್ರಾರ್ಥನೆಯ ತಿರುಳನ್ನು ಹುಡುಕುವವರಿಗೆ ಅದು ಇಲ್ಲಿ ಸಿಗುತ್ತದೆ ಎನ್ನಬಹುದು. ಅದು ನಾಳೆಯನ್ನು ಮುಂಚಿತವಾಗಿ ತಿಳಿಯುವ ಉಪಾಯವಲ್ಲ. ದೇವರ ಕೈ ತಿರುಚಿ ಬೇಕಾದ್ದನ್ನು ಪಡೆಯುವ ಯುಕ್ತಿಯೂ ಅಲ್ಲ. ಬೇಡುವುದಕ್ಕೆ ಅಲ್ಲಿ ಅವಕಾಶವಿದೆ, ದೂರುವುದಕ್ಕೂ ಇದೆ. ಆದರೆ ಬೇಡಿ, ದೂರಿ, ಅತ್ತು ಮುಗಿದ ಮೇಲೆ ಎದ್ದು ಇಂದಿನ ಕೆಲಸ ಮಾಡುವ ಬಲವನ್ನೂ ಪಕ್ಕದ ಮನೆಯವರ ಅನ್ನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಮನಸ್ಸನ್ನೂ ಅದು ಕೊಡಬೇಕು. ಕೊಟ್ಟಿತೋ ಇಲ್ಲವೋ ಎಂಬುದು ಪ್ರಾರ್ಥನೆಯ ಹೊತ್ತಿನಲ್ಲಿ ತಿಳಿಯುವುದಿಲ್ಲ. ಮರುದಿನ ಬೆಳಿಗ್ಗೆ, ಬೀದಿಯಲ್ಲಿ ತಿಳಿಯುತ್ತದೆ. ಬರದ ಅನಾಥರಿಗೆ ಊರು ಕಟ್ಟಿದವರು, ಗುರುಗಳು ಸೆರೆಯಾದಾಗ ಸಭೆಯನ್ನು ಎತ್ತಿ ಹಿಡಿದವರು, ಜಪದ ಜೊತೆಗೆ ಲಸಿಕೆಗೂ ಜನರನ್ನು ಕರೆದವರು, ಇವರೆಲ್ಲರೂ ತಂತಮ್ಮ ಕಾಲದಲ್ಲಿ ಒಂದೊಂದು ಅನಾತೋತಿನ ಹೊಲವನ್ನು ಕೊಂಡವರೇ. ಫಸಲು ಬಂದದ್ದನ್ನು ಅವರಲ್ಲಿ ಅನೇಕರು ನೋಡಲಿಲ್ಲ. ಪತ್ರ ಮಾತ್ರ ಮಡಕೆಯಲ್ಲಿ ಭದ್ರವಾಗಿತ್ತು.